ಎಂಟನೇ ಪದರದ ಅಂಗಿ

ಪೂಜ್ಯ ಹಿರಿಯ ಲಾಮಾ ಅವರಿಗೆ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಛೋದಕ್‌ನ ಮಗಳು ಚುಕ್ಯಿಗೆ, ಅವಳ ಮನೆಯವರಿಗೆ ನಮಸ್ಕಾರ. ಶಾರ್‌ಲುಂಗ್‌ನ ಹಿರಿಯರೇ, ಮಠದ ಕುಣಿತದ ಭಿಕ್ಷುಗಳೇ, ನಮ್ಮ ಮುಖವಾಡದ ಕಾರ್ಯಾಗಾರದ ಗೆಳೆಯರೇ — ನಿಮಗೂ ನಮಸ್ಕಾರ. ಗೋಡೆಗೆ ಒರಗಿ ನಿಂತವರು ದಯವಿಟ್ಟು ಹತ್ತಿರ ಬನ್ನಿ. ನನ್ನ ದನಿ ಅಷ್ಟು ದೂರ ಬರುವುದಿಲ್ಲ. ಈ ಮೈಕು ಬೇರೆ ನನಗಿಂತ ಜಾಸ್ತಿ ಕೆಮ್ಮುತ್ತದೆ.

ಛೋದಕ್ ತೀರಿಕೊಂಡು ಇಂದಿಗೆ ನಲವತ್ತೊಂಬತ್ತು ದಿನ. ಈ ಸಭೆಯಲ್ಲಿ ನಾನೇ ಮಾತಾಡಬೇಕು ಎಂದು ಕಾರ್ಯಾಗಾರದವರು ಬಂದು ಕೇಳಿದಾಗ ಬೇಡ ಎಂದೆ. ಎರಡು ಸಲ ಬೇಡ ಎಂದೆ. ಮೂರನೆಯ ಸಲ ಬೇಡ ಎನ್ನುವುದಕ್ಕೂ ಶಕ್ತಿ ಇರಲಿಲ್ಲ. ದಣಿದಿದ್ದೇನೆ. ವಯಸ್ಸಿನ ದಣಿವು ಇದೆ, ಮೊಣಕಾಲಿನ ದಣಿವು ಇದೆ — ಆದರೆ ನಾನು ಹೇಳುತ್ತಿರುವುದು ಅದಲ್ಲ. ಹತ್ತೊಂಬತ್ತು ವರ್ಷದಿಂದ ಒಂದು ಮಾತನ್ನು ಹೊತ್ತುಕೊಂಡು ತಿರುಗಿದ್ದೇನೆ. ಅದನ್ನು ಹೇಳಿ ಮುಗಿಸದೆ ಇವತ್ತು ಕೂರುವುದಿಲ್ಲ.

ನಾನು, ಛೋದಕ್ — ನಲವತ್ತೊಂದು ವರ್ಷ ಒಂದೇ ಕಿಟಕಿಯ ಬೆಳಕಿನಲ್ಲಿ ಕೆಲಸ ಮಾಡಿದವರು. ಜೇಡಿಮಣ್ಣಿನ ಅಚ್ಚು ಮಾಡುವವನು ಅವನು. ಅದರ ಮೇಲೆ ಬಟ್ಟೆ ಅಂಟಿಸುವವನು ಅವನು. ಬಟ್ಟೆ ಹರಿಯುವುದು, ಅಂಟು ಕಾಯಿಸುವುದು, ಬಣ್ಣಕ್ಕೆ ನೀಲಿಕಲ್ಲು ಅರೆಯುವುದು, ಬೈಸಿಕೊಳ್ಳುವುದು — ಈ ನಾಲ್ಕು ನನ್ನ ಪಾಲಿನವು. ನಾಲ್ಕನೆಯದರಲ್ಲಿ ನಾನು ಬಹಳ ನುರಿತವನಾದೆ.

ಅಂಟಿನ ವಿಷಯದಲ್ಲಂತೂ ಕೇಳಲೇಬೇಡಿ. ಚಮರಿಯ ಚರ್ಮ ಮೂರು ದಿನ ಬೆಂದು ಅಂಟಾಗಬೇಕು. ಮೂರನೆಯ ದಿನ ಅವನು ಬಂದು ಹೀಗೆ — ಹೀಗೆ ಬೆರಳು ಅದ್ದಿ ನಾಲಗೆಗೆ ಹಚ್ಚಿಕೊಳ್ಳುತ್ತಿದ್ದ. ನಾನು ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದೆ.

"ವಾಂಗ್ದು, ಇದು ಅಂಟಾ, ಕುಡಿಯೋ ಥುಕ್ಪಾ ಸಾರಾ?"

"ಅಂಟು."

"ಹಂಗಾದ್ರೆ ನನ್ನ ನಾಲಗೆ ಯಾಕೆ ಇನ್ನೂ ಅಲ್ಲಾಡ್ತಾ ಇದೆ?"

"ನಿನ್ನ ನಾಲಗೆ ನಿಲ್ಲಿಸೋ ಅಂಟು ಈ ಲೋಕದಲ್ಲಿ ಹುಟ್ಟಿಲ್ಲ" ಎಂದು ನಾನು ಮತ್ತೆ ಒಲೆಗೆ ಸಗಣಿಬೆರಣಿ ತುಂಬುತ್ತಿದ್ದೆ. ಪೇಟೆಯಲ್ಲಿ ಡಬ್ಬಿ ಬಣ್ಣ, ಸೀಸೆಯ ಗೋಂದು ಸಿಗಲು ಶುರುವಾದ ಮೇಲೂ ಅವನು ಕದಲಲಿಲ್ಲ. ಡಬ್ಬಿ ಬಣ್ಣ ಬಳಿದ ಮುಖವಾಡವನ್ನು ತೋರಿಸಿದರೆ, "ಇದಕ್ಕೆ ಜ್ವರ ಬಂದಿದೆ, ಮನೆಗೆ ಕರ್ಕೊಂಡು ಹೋಗಿ" ಎನ್ನುತ್ತಿದ್ದ.

ಬಟ್ಟೆಯ ವಿಷಯ ನಿಮಗೆಲ್ಲ ಗೊತ್ತು, ಯಾಕೆಂದರೆ ನಿಮ್ಮ ಮನೆ ಬಾಗಿಲಿಗೇ ಬಂದು ಬೇಡಿದವನು ಅವನು. ಹೊಸ ಬಟ್ಟೆ ಆಗುವುದಿಲ್ಲ. ಹೊಸ ಬಟ್ಟೆಯ ಗಂಜಿ ಅಂಟನ್ನು ಕುಡಿಯಲು ಬಿಡುವುದಿಲ್ಲ. ತೊಟ್ಟು, ಒಗೆದು, ಮತ್ತೆ ತೊಟ್ಟು ಮೆತ್ತಗಾದ ಹತ್ತಿಬಟ್ಟೆಯೇ ಬೇಕು. ಮೇಲಿನ ಬೀದಿಯ ಅಜ್ಜಿಯೊಬ್ಬರು — ಈಗಿಲ್ಲ ಅವರು — ದೇವರ ಮುಖವಾಡಕ್ಕೆಂದು ಹೊಸ ಥಾನಿನಿಂದ ಹರಿದ ತುಂಡು ತಂದುಕೊಟ್ಟರು. ಛೋದಕ್ ಅದನ್ನು ಎರಡು ಕೈಯಿಂದ ತೆಗೆದುಕೊಂಡು ಹಣೆಗೆ ಮುಟ್ಟಿಸಿ ವಾಪಸು ಕೊಟ್ಟ. "ಅಮ್ಮಾ, ಇದನ್ನ ಹೊಲಿಸಿಕೊಂಡು ಎರಡು ವರ್ಷ ಹಾಕ್ಕೊಳ್ಳಿ. ಆಮೇಲೆ ಕೊಡಿ, ಕಾಯ್ತೀನಿ" ಎಂದ. ನಿಜವಾಗಿ ಕಾದ.

ಇನ್ನೊಂದು ಕಟ್ಟಳೆಯೂ ನಿಮಗೆ ಗೊತ್ತು. ಬದುಕಿರುವವರ ಬಟ್ಟೆ ಮಾತ್ರ ಹಾಕಬೇಕು. ಸತ್ತವರ ಒಂದು ಎಳೆಯನ್ನೂ ಹಾಕಬಾರದು. ಸತ್ತವರ ವಸ್ತುಗಳನ್ನೆಲ್ಲ ನಲವತ್ತೊಂಬತ್ತು ದಿನದೊಳಗೆ ಕೊಟ್ಟುಬಿಡಬೇಕು. ಒಂದನ್ನು ಉಳಿಸಿಕೊಂಡರೂ ಹೋಗುವವರು ಅದರ ಕಡೆ ತಿರುಗಿ ನೋಡುತ್ತಾರೆ, ದಾರಿಯಲ್ಲಿ ನಿಂತುಬಿಡುತ್ತಾರೆ.

ಈಗ — ಈಗ ಸ್ವಲ್ಪ ನೀರು ಕೊಡಿ.

ಚುಕ್ಯಿ, ಇಲ್ಲಿಂದ ಮುಂದೆ ಹೇಳಲಿಕ್ಕೆ ನಿನ್ನೆ ನಿನ್ನ ಅಪ್ಪಣೆ ಕೇಳಿದ್ದೆ. "ಹೇಳಿಬಿಡಿ ಚಿಕ್ಕಪ್ಪ, ಎಷ್ಟು ದಿನ ಇಬ್ಬರೇ ಹೊರೋದು" ಎಂದೆ ನೀನು. ಹೇಳುತ್ತೇನೆ.

ಚುಕ್ಯಿಯ ತಾಯಿ ಯುದ್ರೋನ್ ಹತ್ತೊಂಬತ್ತು ವರ್ಷದ ಹಿಂದೆ, ಬಾರ್ಲಿ ಬಿತ್ತುವ ಕಾಲದಲ್ಲಿ, ಮೂರೇ ದಿನದ ಎದೆನೋವಿಗೆ ಹೋದಳು. ಛೋದಕ್ ಅವಳದ್ದೆಲ್ಲವನ್ನೂ ಕಟ್ಟಳೆಯಂತೆ ಕೊಟ್ಟ. ಹವಳ ಮಠಕ್ಕೆ ಹೋಯಿತು. ಸೊಂಟದ ಮುಂದೆ ಕಟ್ಟುವ ಪಟ್ಟೆಬಟ್ಟೆ ಅವಳ ಅಕ್ಕನ ಮಗಳಿಗೆ ಹೋಯಿತು. ಕುರಿತುಪ್ಪಳದ ಮೇಲಂಗಿ ಭಿಕ್ಷುಕಿಗೆ ಹೋಯಿತು. ಕೊಡುವಾಗ ಅವನ ಮುಖದಲ್ಲಿ ಏನೂ ಕಾಣಲಿಲ್ಲ, ಊರೆಲ್ಲ ಅವನನ್ನು ಹೊಗಳಿತು. ಆದರೆ ಕೆಲಸಕ್ಕೆ ಬಂದು ಕುಳಿತರೆ ಕೈ ಓಡುತ್ತಿರಲಿಲ್ಲ. ಜೇಡಿಮಣ್ಣು ಅವನ ಎದುರಿಗೇ ಒಣಗಿ ಬಿರಿಯುತ್ತಿತ್ತು. ಮಾಡಿಕೊಟ್ಟ ತ್ಸಂಪಾ ಮುದ್ದೆ ಸಂಜೆಗೆ ಹಾಗೇ ಇರುತ್ತಿತ್ತು.

ಆ ಬೇಸಿಗೆಯಲ್ಲೇ ಮಠದಿಂದ ಮಹಾಕಾಲನ ಹೊಸ ಮುಖವಾಡಕ್ಕೆ ಹೇಳಿಕಳಿಸಿದರು. ಹಳೆಯದರ ಮರ ಹುಳ ತಿಂದು ಪುಡಿಯಾಗಿತ್ತು. ಹದಿನೇಳು ಪದರ ಬಟ್ಟೆ, ಊರಿನ ಪ್ರತಿ ಮನೆಯಿಂದಲೂ ಒಂದೊಂದು ತುಂಡು. ಇಂದಿಗೂ ರಕ್ಷಕ ದೇವರ ಗುಡಿಯಲ್ಲಿ ರೇಷ್ಮೆ ಹೊದ್ದು ಕೂತಿರುವುದು ಅದೇ ಮುಖವಾಡ. ನೀವೆಲ್ಲ ವರ್ಷಕ್ಕೊಮ್ಮೆ ಕುಣಿತದ ದಿನ ನೋಡಿ ಕೈಮುಗಿಯುವುದು ಅದಕ್ಕೇ.

ಏಳು ಪದರ ಆಗಿತ್ತು. ಎಂಟನೆಯದು ಅಂಟಿಸಿದ ಮರುದಿನ ಅವನು ಬಂದವನು ಒಂದು ಬಟ್ಟಲು ಬೆಣ್ಣೆಚಹಾ ಪೂರ್ತಿ ಕುಡಿದ. ಇನ್ನೊಂದು ಕೇಳಿದ. ನನಗೆ ಆಶ್ಚರ್ಯವಾಯಿತು. ಹತ್ತಿರ ಬಂದು ಕಿವಿಯಲ್ಲಿ ಹೇಳಿದ —

"ಯಾರಿಗೂ ಹೇಳ್ಬೇಡ. ಎಂಟನೇ ಪದರದಲ್ಲಿ ಅವಳ ಅಂಗಿ ಇಟ್ಟಿದೀನಿ. ನೀಲಿ ಅಂಗಿ. ಅದೊಂದನ್ನ ಮಾತ್ರ ಕೊಡಕ್ಕೆ ಆಗ್ಲಿಲ್ಲ ಕಣೋ."

ಹಿರಿಯ ಲಾಮಾ ಅವರೇ, ತಾವು ತಲೆ ಎತ್ತಿದ್ದು ನನಗೆ ಕಾಣಿಸಿತು. ದಯವಿಟ್ಟು ಪೂರ್ತಿ ಕೇಳಿ. ಗುಡಿಯ ಕಡೆ ಯಾರನ್ನೂ ಈಗಲೇ ಕಳಿಸಬೇಡಿ.

ಅದರ ಮೇಲೆ ಇನ್ನೂ ಒಂಬತ್ತು ಪದರ ಬಿತ್ತು. ಮರದ ಪುಡಿಯ ಮೆತ್ತೆ ಬಿತ್ತು, ಬಿಳಿಮಣ್ಣು ಬಿತ್ತು, ನೀಲಿಕಲ್ಲು ಬಿತ್ತು, ಚಿನ್ನ ಬಿತ್ತು. ತಾವೇ ಬಂದು ದೇವರನ್ನು ಅದರೊಳಗೆ ಆವಾಹಿಸಿದಿರಿ. ಆಮೇಲೆ ಆರು ವರ್ಷ ಛೋದಕ್ ಚೆನ್ನಾಗಿಯೇ ಇದ್ದ. ಹುಣ್ಣಿಮೆಗೊಮ್ಮೆ ಗುಡಿಗೆ ಹೋಗುತ್ತಿದ್ದ. ಮಗಳನ್ನು ಸಾಕಿದ. ನನ್ನನ್ನು ಬೈದ. ಬದುಕಿದ.

ಏಳನೆಯ ವರ್ಷ ಹೊರಗಿನಿಂದ ಬಂದ ಲಾಮಾ ಒಬ್ಬರು ಈ ಅಂಗಳದಲ್ಲೇ ಉಪದೇಶ ಮಾಡಿದರು. ಗಂಡನ ಉಂಗುರವನ್ನು ಬಚ್ಚಿಟ್ಟುಕೊಂಡ ಹೆಂಗಸಿನ ಕತೆ ಹೇಳಿದರು. ಆ ಗಂಡ ವರ್ಷಗಟ್ಟಲೆ ಅತ್ತ ಹೋಗಲಾರದೆ ಇತ್ತ ಬರಲಾರದೆ ಉಂಗುರದ ಸುತ್ತ ತಿರುಗಿದನಂತೆ. ಛೋದಕ್ ನನ್ನ ಪಕ್ಕದಲ್ಲೇ ಕುಳಿತಿದ್ದ. ಉಪದೇಶ ಮುಗಿಯುವ ಮೊದಲೇ ಎದ್ದು ಗುಡಿಯ ಕಡೆ ನಡೆದ.

ಅಂದಿನಿಂದ ಅವನಿಗೆ ನೆಮ್ಮದಿ ಇಲ್ಲ. "ನಾನೇ ಅವಳನ್ನ ತಡೆದು ನಿಲ್ಲಿಸಿದೀನಿ. ನನ್ನ ಸಮಾಧಾನಕ್ಕೆ ಅವಳನ್ನ ಗೋಡೆ ಒಳಗೆ ಇಟ್ಟು ಮೆತ್ತಿಬಿಟ್ಟೆ" — ಇದೇ ಮಾತು. ಅಂಗಿಯನ್ನು ತೆಗೆಯಬೇಕು. ತೆಗೆಯಬೇಕೆಂದರೆ ಮುಖವಾಡವನ್ನು ಸೀಳಬೇಕು. ದೇವರು ಒಳಗಿರುವ ಮುಖವಾಡಕ್ಕೆ ಚಾಕು ತಾಗಿಸುವಂತಿಲ್ಲ. ಮೊದಲು ಹಿರಿಯ ಲಾಮಾ ಅವರು ದೇವರನ್ನು ಕನ್ನಡಿಗೆ ಇಳಿಸಿ, ಕನ್ನಡಿಯನ್ನು ಐದು ಬಣ್ಣದ ರೇಷ್ಮೆಯಲ್ಲಿ ಸುತ್ತಿ ಇಡಬೇಕು. ಆಗ ಮುಖವಾಡ ಬರೀ ಬಟ್ಟೆ, ಅಂಟು. ಆಗ ದುರಸ್ತಿ ಮಾಡಬಹುದು. ಆದರೆ ದುರಸ್ತಿಗೆ ಕಾರಣ ಬೇಕಲ್ಲ! ಬಿರುಕು ಬೇಕು, ಹುಳ ಬೇಕು, ಏನಾದರೊಂದು ಬೇಕು. ಇದ್ದದ್ದನ್ನು ಇದ್ದಹಾಗೆ ಹೇಳಿದರೆ ಮೈಲಿಗೆಯೆಂದು ಇಡೀ ಮುಖವಾಡವನ್ನೇ ಸುಡಬೇಕಾಗುತ್ತದೆ, ಊರಿನ ಎಲ್ಲ ಮನೆಯ ಬಟ್ಟೆಯೂ ಅದರೊಂದಿಗೆ ಉರಿಯುತ್ತದೆ ಎಂದು ಅವನು ಹೆದರಿದ್ದ.

ಹಾಗಾಗಿ ಅವನು ಬಿರುಕಿಗೆ ಕಾಯತೊಡಗಿದ. ಹದಿಮೂರು ವರ್ಷ ಕಾದ! ಪ್ರತಿ ವರ್ಷ ಗುಡಿಗೆ ಹೋಗಿ, "ಸ್ವಾಮಿ, ಮುಖವಾಡ ಒಂದ್ಸಲ ನೋಡ್ಲಾ? ಎಲ್ಲಾದ್ರೂ ಬಿಟ್ಕೊಂಡಿರಬಹುದು" ಎನ್ನುತ್ತಿದ್ದ. ಗುಡಿಯ ಮೇಲ್ವಿಚಾರಕ ಭಿಕ್ಷು ದೀಪ ಹಿಡಿದು ತೋರಿಸುತ್ತಿದ್ದರು. ಒಂದು ಕೂದಲೆಳೆಯಷ್ಟು ಬಿಟ್ಟಿರುತ್ತಿರಲಿಲ್ಲ. "ನೋಡಿ, ತಾನೇ ಮಾಡಿದ್ದರ ಮೇಲೆ ಎಷ್ಟು ಕಾಳಜಿ" ಎಂದು ಅವರು ಎಲ್ಲರ ಮುಂದೆ ಹೊಗಳುತ್ತಿದ್ದರು. ಛೋದಕ್ ಹೊಗಳಿಕೆ ಕೇಳಿಕೊಂಡು ಮೆಟ್ಟಿಲಿಳಿದು ಬಂದು ನನ್ನ ಮೇಲೆ ಹರಿಹಾಯುತ್ತಿದ್ದ — "ದರಿದ್ರದವನೆ, ಅಂಟು ಯಾಕೆ ಅಷ್ಟು ಚೆನ್ನಾಗಿ ಕಾಯಿಸ್ದೆ?" ನಲವತ್ತೊಂದು ವರ್ಷದಲ್ಲಿ ನನ್ನ ಅಂಟನ್ನು ಅವನು ಹೊಗಳಿದ್ದು ಅದೊಂದೇ ಮಾತಿನಲ್ಲಿ.

ನಗಿ, ಪರವಾಗಿಲ್ಲ. ನಾನೂ ನಕ್ಕಿದ್ದೇನೆ.

ಒಂದು ಚಳಿಗಾಲದಲ್ಲಿ ಇಲಿಗಳ ಉಪಾಯ ಮಾಡಿದ. ನೋಡುವ ನೆಪದಲ್ಲಿ ಮುಖವಾಡದ ಒಳಬದಿಗೆ ಬೆಣ್ಣೆ ಸವರಿ ಬಂದ. ಇಲಿ ಬಂದು ಕಡಿದು ಹಾಕಲಿ ಅಂತ. ಇಲಿಗಳೇನೋ ಬಂದವು. ಬೆಣ್ಣೆ ನೆಕ್ಕಿಕೊಂಡು ಹೋದವು. ಬಟ್ಟೆಗೆ ಬಾಯಿ ಹಾಕಲಿಲ್ಲ, ಯಾಕೆಂದರೆ ಅಂಟಿಗೆ ಕಹಿಬೇರಿನ ಪುಡಿ ಕಲಸಿದ್ದವನು ಇವನೇ. ಉಳಿದ ಬೆಣ್ಣೆ ಬಟ್ಟೆಯೊಳಗೆ ಇಂಗಿ ಮುಖವಾಡ ಮೊದಲಿಗಿಂತ ಗಟ್ಟಿಯಾಯಿತು.

ಆಮೇಲೆ ಆ ಕುಣಿತದ ದಿನ. ಇಲ್ಲಿ ಇರುವ ಅರ್ಧದಷ್ಟು ಜನ ಅದನ್ನು ಕಣ್ಣಾರೆ ಕಂಡಿದ್ದೀರಿ. ಭಿಕ್ಷು ಲೋಡೆನ್ ಗುಡಿಯ ಮೆಟ್ಟಿಲ ಮೇಲೆ ಕಾಲು ಜಾರಿದ್ದು — ಕೂತುಕೋ ಲೋಡೆನ್, ಏಳಬೇಡ, ನಿನ್ನ ತಪ್ಪಲ್ಲ, ಮೆಟ್ಟಿಲ ಮೇಲೆ ಮಂಜು ಇತ್ತು. ಮುಖವಾಡ ಅವನ ತಲೆಯಿಂದ ಕಳಚಿ ಉರುಳಿತು. ಒಂದು, ಎರಡು, ಮೂರು — ಹನ್ನೊಂದು ಮೆಟ್ಟಿಲು. ಕಹಳೆ ನಿಂತಿತು. ಹೆಂಗಸರು ಬಾಯಿಗೆ ಕೈ ಇಟ್ಟುಕೊಂಡರು. ಎಲ್ಲರಿಗಿಂತ ಮೊದಲು ಓಡಿದವನು ಛೋದಕ್. ನೀವೆಲ್ಲ ಅವನ ಬೆನ್ನು ನೋಡಿದಿರಿ. ನಾನು ಮುಖ ನೋಡಿದೆ. ಆ ಮುಖದಲ್ಲಿ ಸಂತೋಷವಿತ್ತು. ಅಷ್ಟು ಸಂತೋಷವನ್ನು ಯುದ್ರೋನ್ ಹೋದ ಮೇಲೆ ಆ ಮುಖದಲ್ಲಿ ನಾನು ಕಂಡಿರಲಿಲ್ಲ. ಎತ್ತಿಕೊಂಡ. ತಿರುಗಿಸಿ ನೋಡಿದ. ಮತ್ತೆ ತಿರುಗಿಸಿದ. ಒಂದು ಹಲ್ಲಿನ ತುದಿಯ ಬಣ್ಣ, ಬೆರಳಿನ ಉಗುರಿನಷ್ಟು, ಹಾರಿತ್ತು. ಅಷ್ಟೇ.

ಹಿರಿಯ ಲಾಮಾ ಅವರು ಬಂದು, "ಎಂಥಾ ಕೈ ಇದು!" ಎಂದು ಅವನ ಕೊರಳಿಗೆ ಗೌರವದ ಬಿಳಿಯ ಶಾಲು, ಖತಾ, ಹಾಕಿದರು. ಊರೆಲ್ಲ ಅವನಿಗೆ ಬಾರ್ಲಿಯ ಛಾಂಗ್ ಕುಡಿಸಿತು. ಕಾರ್ಯಾಗಾರಕ್ಕೆ ಬಂದು ಖತಾವನ್ನು ಕಣ್ಣಿಗೆ ಒತ್ತಿಕೊಂಡು ಅವನು ಅತ್ತದ್ದನ್ನು ನಾನೊಬ್ಬನೇ ನೋಡಿದೆ. "ನನ್ನ ಕೈಯೇ ಅವಳನ್ನ ಬಿಡ್ತಾ ಇಲ್ಲ ವಾಂಗ್ದು" ಎಂದ.

ಆಗ ನಾನು ಹೇಳಬೇಕಿತ್ತು.

ಕಳೆದ ಮಾಘದಲ್ಲಿ ಹಾಸಿಗೆ ಹಿಡಿದ. ಚುಕ್ಯಿ ಒಲೆಯ ಹತ್ತಿರ ಇದ್ದಳು. ಅವಳಿಗೂ ಆಗಲೇ ಎಲ್ಲ ಹೇಳಿದ್ದ. ನನ್ನ ಕೈ ಹಿಡಿದುಕೊಂಡ. ಆ ಕೈಯಲ್ಲಿ ಇನ್ನೂ ಎಷ್ಟು ಬಲ!

"ನಾನು ಹೋದ್ಮೇಲೆ ಏನಾದ್ರೂ ಮಾಡಿ ಅಂಗಿ ತೆಗೀತೀಯಾ?"

"ತೆಗೀತೀನಿ."

"ಸುಮ್ನೆ ಹೇಳ್ಬೇಡ. ನಿನಗೆ ಸುಳ್ಳು ಹೇಳೋ ಚಟ ಇದೆ. ಆಣೆ ಮಾಡು."

ಆಣೆ ಮಾಡಿದೆ. ಆಗಲೂ ಹೇಳಲಿಲ್ಲ.

ಚುಕ್ಯಿ, ಇನ್ನು ಮುಂದಿನದು ನಿನಗೂ ಗೊತ್ತಿಲ್ಲ. ಎದ್ದು ಹೋಗಬೇಡ ಮಗಳೇ, ಕೇಳು. ಆಮೇಲೆ ಏನು ಬೇಕಾದರೂ ಅನ್ನು.

ಎಂಟನೆಯ ಪದರದಲ್ಲಿ ನಿನ್ನ ಅಮ್ಮನ ಅಂಗಿ ಇಲ್ಲ.

ಅವತ್ತು ಅವನು ಹರಿದ ಬಟ್ಟೆಯ ಪಟ್ಟಿಗಳನ್ನು ತಾನೇ ಬುಟ್ಟಿಯಲ್ಲಿ ತಂದ. ಬಟ್ಟೆ ಹರಿಯುವುದು ನನ್ನ ಕೆಲಸ, ಅವನು ಯಾಕೆ ತಂದ ಎಂದು ನೋಡಿದೆ. ನೀಲಿ ಹತ್ತಿ. ಒಂದು ಪಟ್ಟಿಯಲ್ಲಿ ಕೊರಳಪಟ್ಟಿಯ ತುಂಡಿತ್ತು, ಅದರ ಮೇಲೆ ಹಳದಿ ದಾರದ ಹೊಲಿಗೆ. ಇಪ್ಪತ್ತು ವರ್ಷ ಆ ಮನೆಯ ಒಲೆಯ ಪಕ್ಕ ಕುಳಿತು ಚಹಾ ಕುಡಿದವನು ನಾನು. ನೀಲಿ ದಾರ ಮುಗಿದಿದೆ ಎಂದು ಯುದ್ರೋನ್ ಹಳದಿಯಲ್ಲೇ ಹೊಲಿದುಕೊಂಡದ್ದನ್ನು, "ಯಾರು ನೋಡ್ತಾರೆ ಬಿಡಿ" ಎಂದು ನಕ್ಕದ್ದನ್ನು ನೋಡಿದವನು. ಅವಳದ್ದೇ ಅಂಗಿ ಅದು.

ಅವನು ಅಂಟು ನೋಡಲು ಹೊರಗೆ ಹೋದ. ನಾನು ಯೋಚನೆ ಮಾಡಲಿಲ್ಲ. ಯೋಚನೆ ಮಾಡುವಷ್ಟು ಹೊತ್ತೂ ಇರಲಿಲ್ಲ. ನನ್ನ ಮೈಮೇಲೂ ಒಂದು ಹಳೆಯ ನೀಲಿ ಅಂಗಿ ಇತ್ತು. ಕಳಚಿದೆ, ಹರಿದೆ, ಪಟ್ಟಿ ಮಾಡಿದೆ, ಬುಟ್ಟಿಗೆ ಹಾಕಿದೆ. ಅವಳದ್ದನ್ನು ಎದೆಯೊಳಗೆ ಸಿಕ್ಕಿಸಿ ಮೇಲೆ ಚುಬಾ ನಿಲುವಂಗಿ ಬಿಗಿದುಕೊಂಡೆ. ಅವನು ಬಂದು ಕುಳಿತ. ಕಣ್ಣು ಮುಚ್ಚಿಕೊಂಡು ಅಂಟಿಸಿದ. ಒಂದೊಂದು ಪಟ್ಟಿಯನ್ನೂ ಬೆರಳಿನಿಂದ ಸವರಿ ಸವರಿ ಅಂಟಿಸಿದ. ಯಾವ ಮನೆಯ ಬಟ್ಟೆಯೆಂದು ಮುಟ್ಟಿಯೇ ಹೇಳುತ್ತಿದ್ದ ಬೆರಳುಗಳು! ಅವತ್ತು ಅವಕ್ಕೆ ಏನೂ ಗೊತ್ತಾಗಲಿಲ್ಲ. ಹದಿಮೂರು ವರ್ಷ ಅವನು ಒದ್ದಾಡಿದ್ದು, ಅದಕ್ಕೆ ಮೊದಲು ಆರು ವರ್ಷ ಹುಣ್ಣಿಮೆಗೊಮ್ಮೆ ಹೋಗಿ ಕಣ್ಣೀರಿಟ್ಟದ್ದು — ಎಲ್ಲ ನನ್ನ ಬೆವರು ಹತ್ತಿದ ಹಳೇ ಅಂಗಿಗೆ. ಹಿರಿಯ ಲಾಮಾ ಅವರೇ, ಅನುಮಾನವಿದ್ದರೆ ತೆರೆದು ನೋಡಿ. ಎಡಗೆನ್ನೆಯ ಕಡೆ ಒಂದು ಪಟ್ಟಿಯಲ್ಲಿ ಕಿಡಿ ಬಿದ್ದು ಸುಟ್ಟ ತೂತು ಇರಬೇಕು. ಅದು ನನ್ನ ಒಲೆಯ ಕಿಡಿ. ನಾನು ಇನ್ನೂ ಬದುಕಿದ್ದೇನೆ. ಮುಖವಾಡಕ್ಕೆ ಮೈಲಿಗೆ ಇಲ್ಲ.

ಅವಳ ಅಂಗಿ ಎಲ್ಲಿ ಹೋಯಿತು ಎಂದು ನೀನು ಕೇಳುತ್ತೀಯ ಚುಕ್ಯಿ. ಪಟ್ಟಿಗಳನ್ನು ಯಾರು ತಾನೇ ತೊಡುತ್ತಾರೆ, ಯಾರಿಗೆ ಕೊಡುವುದು ಎಂದು ಎರಡು ದಿನ ಒದ್ದಾಡಿದೆ. ಮೂರನೆಯ ದಿನ ನದಿಯ ರಸ್ತೆಯಲ್ಲಿ ಖಾಮ್ ಕಡೆಯ ಒಬ್ಬ ಹೆಂಗಸು ಸಿಕ್ಕಳು. ಹೆಜ್ಜೆಗೊಮ್ಮೆ ನೆಲಕ್ಕೆ ಮೈಚಾಚಿ ನಮಸ್ಕಾರ ಹಾಕುತ್ತ ಲ್ಹಾಸಾಕ್ಕೆ ಹೊರಟವಳು. ಮೊಣಕಾಲಿನ ಮೆತ್ತೆ ಸವೆದು ಚರ್ಮ ಕಾಣುತ್ತಿತ್ತು. ಕೈಯಲ್ಲಿದ್ದದ್ದನ್ನೆಲ್ಲ ಕೊಟ್ಟೆ. ಅಲ್ಲೇ ರಸ್ತೆ ಬದಿಯಲ್ಲಿ ಕುಳಿತು ಮೊಣಕಾಲಿನ ಮೆತ್ತೆಗೆ ಪದರ ಪದರವಾಗಿ ಹೊಲಿದುಕೊಂಡಳು. "ಯಾರದಣ್ಣ ಇದು, ಇಷ್ಟು ಮೆತ್ತಗಿದೆ?" ಎಂದಳು. ಹೆಸರು ಹೇಳಿದೆ. "ಅವರ ಪಾಲಿನ ನಮಸ್ಕಾರಾನೂ ಹಾಕ್ತೀನಿ" ಎಂದು ಮತ್ತೆ ನೆಲಕ್ಕೆ ಬಿದ್ದಳು. ರಸ್ತೆ ತಿರುಗುವವರೆಗೆ ನೋಡಿದೆ. ನಲವತ್ತೊಂಬತ್ತು ದಿನ ತುಂಬಲು ಇನ್ನೂ ನಾಲ್ಕು ದಿನ ಇತ್ತು.

ಹಾಗಾದರೆ ಯಾಕೆ ಹೇಳಲಿಲ್ಲ? ಈ ಪ್ರಶ್ನೆಯನ್ನು ನೀವ್ಯಾರೂ ನನಗೆ ಕೇಳಬೇಕಿಲ್ಲ. ಮೊದಲನೆಯ ಬೆಳಗ್ಗೆ ಅವನು ಚಹಾ ಕುಡಿದ, ಅದಕ್ಕೇ ಹೇಳಲಿಲ್ಲ. ಆರು ವರ್ಷ ಅವನನ್ನು ಬದುಕಿಸಿದ್ದು ಆ ಸುಳ್ಳು, ಅದನ್ನು ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ. ಇಲ್ಲಿಯವರೆಗೆ ನನ್ನದು ತಪ್ಪೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ಆದರೆ ಆಮೇಲಿನ ಹದಿಮೂರು ವರ್ಷ? ಅವನು ಹೆದರಿ ಒದ್ದಾಡುತ್ತಿದ್ದಾಗ? ಮೆಟ್ಟಿಲ ಕೆಳಗೆ ನಿಂತಿದ್ದಾಗ? ಹೇಳಿದರೆ "ನನ್ನ ಹೆಂಡತಿ ಅಂಗೀನ ಕದ್ದೆಯಾ" ಎಂದು ಎದ್ದು ಹೋಗುತ್ತಾನೆ ಎಂದು ಹೆದರಿದೆ. ಈ ಊರಿನಲ್ಲಿ ನನಗೆ ಬೇರೆ ಯಾರೂ ಇರಲಿಲ್ಲ. ಅವನು ಬೈಯದೆ ಹೋದ ದಿನ ನನಗೆ ದಿನವೇ ಅಲ್ಲ. ಮುಂದಿನ ವರ್ಷ ಹೇಳೋಣ, ಮುಂದಿನ ವರ್ಷ ಹೇಳೋಣ ಎಂದುಕೊಂಡೆ. ನಿಜ ಅಷ್ಟೇ. ನನ್ನ ಜೊತೆಗಾರನನ್ನು ಉಳಿಸಿಕೊಳ್ಳಲು ಅವನ ನೆಮ್ಮದಿಯನ್ನು ತಿಂದುಬಿಟ್ಟೆ.

ಚುಕ್ಯಿ ಅಳುತ್ತಿದ್ದಾಳೆ. ಯಾರೂ ತಡೆಯಬೇಡಿ.

ಈ ನಲವತ್ತೊಂಬತ್ತು ದಿನ ಹೋದವರ ಕಿವಿ ತೆರೆದಿರುತ್ತದೆ ಎಂದು ನಾವು ನಂಬಿದವರು. ಅದಕ್ಕೇ ಅಲ್ಲವೆ ಲಾಮಾಗಳು ದಿನವೂ ಕುಳಿತು ಅವನಿಗೆ ದಾರಿ ಓದಿ ಹೇಳಿದ್ದು. ನಾನು ದಿನವೂ ಅದೇ ಕೋಣೆಯ ಮೂಲೆಯಲ್ಲಿ ಕುಳಿತೆ. ಗ್ರಂಥ ಮುಚ್ಚಿ ಅವರು ಎದ್ದ ಮೇಲೂ ಕುಳಿತಿದ್ದೆ, ಅವನಿಗೆ ಈ ಒಂದು ಮಾತು ಹೇಳೋಣ ಎಂದು. ನಲವತ್ತೆಂಟು ದಿನವೂ ಬಾಯಿ ಬರಲಿಲ್ಲ. ಇವತ್ತು ಕೊನೆಯ ದಿನ. ಸಂಜೆಯ ಪಾಠ ಮುಗಿದರೆ ಮುಗಿಯಿತು. ಆಮೇಲೆ ನಾನು ಬೆಟ್ಟ ಹತ್ತಿ ಕೂಗಿದರೂ ಅವನಿಗೆ ಕೇಳುವುದಿಲ್ಲ. ಅವನೋ, ಹೆಂಡತಿಯನ್ನು ಬಿಟ್ಟು ಹೇಗೆ ಹೋಗಲಿ ಎಂದು ಆ ಗುಡಿಯ ಬಾಗಿಲಲ್ಲೇ ನಿಂತಿದ್ದಾನೆ. ನನಗೆ ಗೊತ್ತು ಅವನು.

ಅದಕ್ಕೇ ಕೇಳಿಕೊಳ್ಳುತ್ತೇನೆ, ಎಲ್ಲರೂ ದಯಮಾಡಿ ಎದ್ದು ನಿಲ್ಲಿ. ಚುಕ್ಯಿ, ನೀನೂ ಏಳು ಮಗಳೇ. ಗಾಡಿಯ ಹತ್ತಿರ ಇರುವವರು ಆ ಇಂಜಿನ್ನು ನಿಲ್ಲಿಸಿ. ಜಪಚಕ್ರವನ್ನೂ ಸ್ವಲ್ಪ ಹೊತ್ತು ನಿಲ್ಲಿಸಿ ಅಜ್ಜಿ. ಒಂದು ನಿಮಿಷ ಯಾರೂ ಉಸಿರೆತ್ತದೆ ಮೌನವಾಗಿರಿ. ಮೌನ ನಿಮ್ಮ ಪಾಲಿನದು, ನನ್ನದಲ್ಲ. ನೀವು ಸುಮ್ಮನಿದ್ದರೆ ಅವನಿಗೆ ನನ್ನ ದನಿ ಕೇಳಿಸುತ್ತದೆ.

—

ಛೋದಕ್. ನಾನು ಕಣೋ, ವಾಂಗ್ದು. ಅವಳು ಅಲ್ಲಿಲ್ಲ. ಅವಳು ಆವತ್ತೇ ಹೋದ್ಲು, ನೀನು ಯಾರನ್ನೂ ತಡೆದಿಲ್ಲ. ಆ ಬಾಗಿಲು ಬಿಟ್ಟು ಹೊರಡು.